ಶಸ್ತ್ರಚಿಕಿತ್ಸೆಯ ಅನಂತರ

ಚರ್ಮದ ಅರ್ಬುದಗಳಲ್ಲಿ ಮೆಲನೋಮವೆಂಬುದು ಬಹು ಉಗ್ರವಾದುದು. ಅದು ಸಮೀಪದ ದುಗ್ಧರಸ ಗ್ರಂಥಿಗಳಿಗೆ ಹಬ್ಬಿದ ಮೇಲೆ, ಕಾಣುವ ಗಡ್ಡೆಯನ್ನೆಲ್ಲ ಕೊಯ್ದು ತೆಗೆದರೂ ಕಾಣದ ಕಣಗಳು ದೇಹದಲ್ಲಿ ಉಳಿದಿರಬಹುದು. ಆಗ ರೋಗಿಯ ಮುಂದಿರುವ ಮುಖ್ಯ ಮಾರ್ಗಗಳು ಮೂರು.

ಮೊದಲನೆಯದು, ಪೆಂಬ್ರೊಲಿಜುಮ್ಯಾಬ್ ಮುಂತಾದ ಔಷಧಗಳಿಂದ ದೇಹದ ರಕ್ಷಣಶಕ್ತಿಯನ್ನೇ ಎಚ್ಚರಿಸುವುದು. ಇಂತಹ ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವರ್ಷದ ಕೊನೆಗೆ ರೋಗ ಮರಳದೆ ಇದ್ದವರು ಔಷಧ ಪಡೆದವರಲ್ಲಿ ನೂರಕ್ಕೆ ಸುಮಾರು 75, ಪಡೆಯದವರಲ್ಲಿ 61. ಆದರೆ ಎಚ್ಚೆತ್ತ ಶಕ್ತಿಯು ಥೈರಾಯ್ಡ್ ಮೊದಲಾದ ಸ್ವಂತ ಗ್ರಂಥಿಗಳ ಮೇಲೆಯೇ ತಿರುಗಿ, ಕೆಲವರು ಜೀವಮಾನವಿಡೀ ಮಾತ್ರೆ ಸೇವಿಸಬೇಕಾಗುವುದುಂಟು. ಎರಡನೆಯದು, ಗಡ್ಡೆಯಲ್ಲಿ ಬ್ರಾಫ್ ಎಂಬ ವಂಶವಾಹಿಯ ನಿರ್ದಿಷ್ಟ ವಿಕಾರವಿದ್ದವರಿಗೆ ಮಾತ್ರ ಒದಗುವ ಒಂದು ವರ್ಷದ ಮಾತ್ರೆಗಳು. ಇವುಗಳಿಂದ ಜ್ವರ ಬರುವುದು ಸಾಮಾನ್ಯ. ನಿಲ್ಲಿಸಿದರೆ ಬಹುಮಟ್ಟಿಗೆ ಶಮನವಾಗುತ್ತದೆ. ಮೂರನೆಯದು, ಔಷಧವಿಲ್ಲದೆ ಕಾಲಕಾಲಕ್ಕೆ ಪರೀಕ್ಷಿಸಿಕೊಳ್ಳುತ್ತ ಕಾಯುವುದು.

ಹೀಗೆ ಕಾಯುವುದನ್ನು ನಾವು ಅಲಕ್ಷ್ಯವೆಂದು ಎಣಿಸಲಾಗದು. ಮೇಲಿನ ಅಂಕಿಗಳನ್ನೇ ಮತ್ತೊಮ್ಮೆ ನೋಡೋಣ: ಔಷಧವಿಲ್ಲದವರಲ್ಲಿಯೂ 61 ಮಂದಿಗೆ ಆ ವರ್ಷ ರೋಗ ಮರಳಲಿಲ್ಲ. ಇದಲ್ಲದೆ, ರೋಗ ಮರಳದಂತೆ ತಡೆಯುವುದು ಬೇರೆ, ಆಯುಷ್ಯವನ್ನು ಬೆಳೆಸುವುದು ಬೇರೆ. ಮಾತ್ರೆಗಳ ಪ್ರಯೋಗದ 2024ರ ಅಂತಿಮ ವರದಿಯಲ್ಲಿ ಮೊದಲನೆಯದು ಸ್ಪಷ್ಟವಾಗಿ ಕಂಡಿತು, ಎರಡನೆಯದು ನಿಶ್ಚಿತವಾಗಲಿಲ್ಲ. ಆದುದರಿಂದ ವೈದ್ಯರನ್ನು ನಾವು ಕೇಳತಕ್ಕ ಪ್ರಶ್ನೆಗಳು ಇವು: ರೋಗ ಮರಳುವ ಸಂಭವವೆಷ್ಟು? ಔಷಧವು ಅದನ್ನು ಎಷ್ಟು ತಗ್ಗಿಸೀತು? ಅದರ ಬಾಧೆಗಳಲ್ಲಿ ಕಡೆಯವರೆಗೂ ಉಳಿಯತಕ್ಕವು ಯಾವುವು?