ನೊಂದ ದತ್ತುಮಕ್ಕಳ ಪೋಷಣೆ: ತಂದೆತಾಯಿಗಳಿಗೆ ಬೇಕಾದ ನೆರವು

ದತ್ತು ಬಂದ ಮಗುವಿಗೆ ಅನ್ನ, ಬಟ್ಟೆ, ಆಶ್ರಯ, ಪ್ರೀತಿ ಇಷ್ಟು ದೊರೆತರೆ ಸಾಕು, ಹಿಂದಿನ ಕಷ್ಟವೆಲ್ಲ ತಾನಾಗಿಯೇ ಮರೆತುಹೋಗುವುದೆಂಬುದು ಬಹುಮಂದಿಯ ನಂಬಿಕೆ. ಇದರಲ್ಲಿ ಸತ್ಯಾಂಶವಿಲ್ಲವೆಂದಲ್ಲ, ಆದರೆ ಅದು ಪೂರ್ಣಸತ್ಯವಲ್ಲ. ಎಳೆತನದಲ್ಲಿಯೇ ನಿರ್ಲಕ್ಷ್ಯಕ್ಕೋ ಹಿಂಸೆಗೋ ಗುರಿಯಾದ ಮಗುವನ್ನು ಸಾಕುವವರಿಗೆ ಪ್ರೀತಿಯೊಡನೆ ವಿಶೇಷವಾದ ತಿಳಿವಳಿಕೆಯೂ ದೀರ್ಘಕಾಲದ ನೆರವೂ ಅಗತ್ಯ. ಈ ಮಾತಿಗೆ ಆಧಾರವಾದ ಕೆಲವು ಸಂಶೋಧನೆಗಳನ್ನು ಇಲ್ಲಿ ಸಂಗ್ರಹವಾಗಿ ವಿವರಿಸಿದೆ.

ಆಂಗ್ಲ ಮನೋವೈದ್ಯರಾದ ಜಾನ್ ಬೌಲ್ಬಿಯವರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದು ೧೯೫೧ರಲ್ಲಿ ಪ್ರಕಟವಾದ ವರದಿಯಲ್ಲಿ, ತಾಯಿಯೊಡನೆ ಅಥವಾ ಆ ಸ್ಥಾನದಲ್ಲಿರುವ ಒಬ್ಬರೊಡನೆ ಎಡೆಬಿಡದ ಆತ್ಮೀಯ ಸಂಬಂಧವು ಶಿಶುವಿನ ಮಾನಸಿಕ ಆರೋಗ್ಯಕ್ಕೆ ಅವಶ್ಯಕವೆಂದು ಪ್ರತಿಪಾದಿಸಿದರು. ಅತ್ತಾಗ ಎತ್ತಿಕೊಳ್ಳುವ, ಹೆದರಿದಾಗ ಸಂತೈಸುವ ಒಬ್ಬರಿದ್ದರೆ ಶಿಶುವು ಕ್ರಮೇಣ ತನ್ನ ಕಳವಳವನ್ನು ತಾನೇ ಶಮನಗೊಳಿಸಿಕೊಳ್ಳಲು ಕಲಿಯುತ್ತದೆ. ಅಂತಹವರಿಲ್ಲದ ಶಿಶು ಬೇರೊಂದು ಪಾಠವನ್ನು ಕಲಿಯುತ್ತದೆ: ಅತ್ತು ಪ್ರಯೋಜನವಿಲ್ಲ, ದೊಡ್ಡವರನ್ನು ನಂಬುವಂತಿಲ್ಲ.

ಈ ಪಾಠ ಎಷ್ಟು ಆಳವಾಗಿ ನಾಟುತ್ತದೆಂಬುದನ್ನು ರೊಮೇನಿಯದ ಮಕ್ಕಳ ಇತಿಹಾಸ ತೋರಿಸಿತು. ಅಲ್ಲಿನ ಚೌಷೆಸ್ಕು ಸರ್ಕಾರವು ಜನಸಂಖ್ಯೆಯನ್ನು ಹೆಚ್ಚಿಸುವ ಉದ್ದೇಶದಿಂದ ೧೯೬೬ರಲ್ಲಿ ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿತು. ಬಡವರು ಸಾಕಲಾರದೆ ಒಪ್ಪಿಸಿದ ಮಕ್ಕಳಿಂದ ಸರ್ಕಾರಿ ಶಿಶುನಿಲಯಗಳು ತುಂಬಿಹೋದುವು. ೧೯೮೯ರ ಡಿಸೆಂಬರಿನಲ್ಲಿ ಆ ಸರ್ಕಾರ ಉರುಳಿದ ಮೇಲೆ ಅನೇಕ ಮಕ್ಕಳು ಪಾಶ್ಚಾತ್ಯ ದೇಶಗಳ ಮನೆಗಳಿಗೆ ದತ್ತುಹೋದರು. ಬ್ರಿಟನ್ನಿಗೆ ಬಂದ ಅಂತಹ ೧೬೫ ಮಕ್ಕಳನ್ನು ಮೈಕೇಲ್ ರಟರ್ ಮತ್ತು ಅವರ ಸಂಗಡಿಗರು ಬಾಲ್ಯದಿಂದ ಪ್ರಾಯದವರೆಗೆ ಪರೀಕ್ಷಿಸುತ್ತ ಬಂದರು. ಆರು ತಿಂಗಳೊಳಗೆ ದತ್ತುಹೋದ ೫೨ ಬ್ರಿಟಿಷ್ ಮಕ್ಕಳೊಡನೆ ಅವರನ್ನು ಹೋಲಿಸಿದರು.

ನಿಲಯದಲ್ಲಿ ಆರು ತಿಂಗಳಿಗಿಂತ ಕಡಮೆ ಕಾಲ ಕಳೆದ ಮಕ್ಕಳು ಬಹುಪಾಲು ಬ್ರಿಟಿಷ್ ಮಕ್ಕಳಂತೆಯೇ ಬೆಳೆದರು. ಅದಕ್ಕಿಂತ ಹೆಚ್ಚುಕಾಲ ಇದ್ದವರಲ್ಲಿ ಅಪರಿಚಿತರೊಡನೆ ಮಿತಿಯಿಲ್ಲದ ಸಲಿಗೆ, ಅವಧಾನದ ಕೊರತೆ ಮೊದಲಾದ ತೊಡಕುಗಳು ಹೆಚ್ಚಾಗಿ ಕಂಡು ಬಹುಕಾಲ ಉಳಿದುವು. ಬುದ್ಧಿಶಕ್ತಿಯಲ್ಲಿನ ಹಿಂದುಳಿಯುವಿಕೆ ಪ್ರಾಯದ ವೇಳೆಗೆ ಬಹುಮಟ್ಟಿಗೆ ನಿವಾರಣೆಯಾಯಿತು. ಆದರೆ ಖಿನ್ನತೆ, ಆತಂಕಗಳು ಬಾಲ್ಯದಲ್ಲಿ ಎದ್ದು ಕಾಣದೆ, ಹದಿಹರೆಯದಿಂದೀಚೆಗೆ ತಲೆದೋರಿದುವೆಂದು ೨೦೧೭ರಲ್ಲಿ ಪ್ರಕಟವಾದ ಫಲಿತಾಂಶ ತಿಳಿಸಿತು. ಹೀಗಿದ್ದರೂ ದೀರ್ಘಕಾಲ ನಿಲಯದಲ್ಲಿದ್ದವರಲ್ಲಿ ಐದರಲ್ಲೊಂದು ಪಾಲು ಯಾವ ಹಂತದಲ್ಲಿಯೂ ತೊಂದರೆಗೆ ಸಿಕ್ಕಲಿಲ್ಲ. ಆದುದರಿಂದ ಬಾಲ್ಯದ ಅಭಾವವನ್ನು ವಿಧಿಲಿಖಿತವೆಂದು ಭಾವಿಸಬೇಕಾಗಿಲ್ಲ.

ಹಾಗಾದರೆ ತಂದೆತಾಯಿಗಳು ಮಾಡಬೇಕಾದುದೇನು? ಅಮೆರಿಕದ ಡೆಲವೇರ್ ವಿಶ್ವವಿದ್ಯಾನಿಲಯದ ಮೇರಿ ಡೋಜಿಯರ್ ಅವರು ಶಿಶುಗಳನ್ನು ಸಾಕುವವರಿಗೆ ಅವರ ಮನೆಯಲ್ಲಿಯೇ ಹತ್ತು ಭೇಟಿಗಳಲ್ಲಿ ಶಿಕ್ಷಣ ಕೊಡುವ ಕ್ರಮವೊಂದನ್ನು ರೂಪಿಸಿದರು. ಬಿದ್ದು ಪೆಟ್ಟಾದರೂ ನೊಂದ ಮಗು ತಾಯಿಯ ಬಳಿಗೆ ಬಾರದೆ ಮುಖ ತಿರುಗಿಸಬಹುದು. ಅದಕ್ಕೆ ತಾನು ಬೇಡವೆಂದು ಬಗೆದು ತಾಯಿಯೂ ದೂರ ಸರಿದರೆ ಮಗುವಿನ ಹಳೆಯ ಪಾಠವೇ ದೃಢವಾಗುತ್ತದೆ. ಕೇಳದಿದ್ದರೂ ಸಂತೈಸುವುದು, ಆಟದಲ್ಲಿ ಮಗುವಿನ ಇಚ್ಛೆಯನ್ನು ಅನುಸರಿಸುವುದು, ಹೆದರಿಸುವ ದನಿ ನೋಟಗಳನ್ನು ತ್ಯಜಿಸುವುದು, ಈ ಮೂರೇ ಆ ಶಿಕ್ಷಣದ ತಿರುಳು. ಈ ಶಿಕ್ಷಣ ಪಡೆದವರ ಮಕ್ಕಳಲ್ಲಿ ಭದ್ರವಾದ ಬಾಂಧವ್ಯ ಹೆಚ್ಚಿದುದನ್ನೂ, ಕ್ಷೋಭೆಯ ಕಾಲದಲ್ಲಿ ಸ್ರವಿಸುವ ಕಾರ್ಟಿಸಾಲ್ ಎಂಬ ಹಾರ್ಮೋನಿನ ದೈನಂದಿನ ಏರಿಳಿತ ಸಹಜಸ್ಥಿತಿಯ ಕಡೆಗೆ ತಿರುಗಿದುದನ್ನೂ ಪರೀಕ್ಷೆಗಳು ತೋರಿಸಿವೆ.

ಬೆಳೆದ ಮಕ್ಕಳ ವಿಷಯದಲ್ಲಿ ಅಮೆರಿಕದ ಮನೋವಿಜ್ಞಾನಿ ಡಾನ್ ಹ್ಯೂಸ್ ಅವರು ವಿನೋದ, ಸ್ವೀಕಾರ, ಕುತೂಹಲ, ಸಹಾನುಭೂತಿ ಎಂಬ ನಾಲ್ಕು ಗುಣಗಳನ್ನು ಸೂಚಿಸಿದ್ದಾರೆ. ಹಸಿದು ಬೆಳೆದ ಮಗು ಹಾಸಿಗೆಯಡಿಯಲ್ಲಿ ತಿಂಡಿಯನ್ನು ಬಚ್ಚಿಟ್ಟರೆ ಅದು ಕಳ್ಳತನವಲ್ಲ, ನಾಳೆಯ ಭಯ. ಭಯವನ್ನು ಅರಿತು ಒಪ್ಪಿಕೊಂಡು, ನಡತೆಗೆ ಮಾತ್ರ ಮಿತಿಯನ್ನು ವಿಧಿಸಬೇಕು. ಹೇಳುವುದು ಸುಲಭ, ಪ್ರತಿದಿನವೂ ತಿರಸ್ಕಾರವನ್ನು ಎದುರಿಸುವ ತಂದೆತಾಯಿಗಳು ದಣಿಯುತ್ತಾರೆ, ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಅವರ ಮಾತನ್ನು ಕೇಳುವವರಿಲ್ಲದಿದ್ದರೆ ಯಾವ ಕ್ರಮವೂ ನಿಲ್ಲದು. ಆದುದರಿಂದ ಮಗುವಿನ ಚಿಕಿತ್ಸೆಯಲ್ಲಿ ತಂದೆತಾಯಿಗಳ ಸಾಂತ್ವನವೂ ಒಂದು ಅಂಗ.

ರೊಮೇನಿಯದ ನಿಲಯಗಳ ಅಭಾವ ಅತಿಶಯವಾದುದು. ಅಲ್ಲಿನ ಫಲಿತಾಂಶವನ್ನು ಇತರೆಡೆಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಅದರಿಂದ ನಮಗೊಂದು ಎಚ್ಚರಿಕೆಯುಂಟು. ಭಾರತದ ೨೦೨೨ರ ದತ್ತು ನಿಯಮಗಳು ಮಗು ಮನೆಸೇರಿದ ಮೇಲೆ ಎರಡು ವರ್ಷಗಳವರೆಗೆ ಆರು ತಿಂಗಳಿಗೊಮ್ಮೆ ಅದರ ಕ್ಷೇಮವನ್ನು ಕುರಿತು ವರದಿಯನ್ನು ವಿಧಿಸುತ್ತವೆ. ಇದು ಯುಕ್ತವಾದುದೇ. ಆದರೆ ಎಳೆಯದಾಗಿ ಬಂದ ಮಗುವಿನ ಮನದ ನೋವು ಹದಿಹರೆಯದಲ್ಲಿ ಮೇಲೆದ್ದರೆ, ಆ ವೇಳೆಗೆ ವರದಿಗಳು ನಿಂತು ಎಷ್ಟೋ ವರ್ಷಗಳಾಗಿರುತ್ತವೆ. ಆಗ ಆ ಮಗು ಇರುವುದು ನಮ್ಮ ಶಾಲೆ ಕಾಲೇಜುಗಳಲ್ಲಿ. ಅದರ ಮೌನವನ್ನು ಔದಾಸೀನ್ಯವೆಂದೂ ಕೋಪವನ್ನು ಉದ್ಧಟತನವೆಂದೂ ಕೂಡಲೆ ತೀರ್ಮಾನಿಸದೆ ಕಾರಣವನ್ನು ವಿಚಾರಿಸುವ ಅಧ್ಯಾಪಕನು ಆ ಮನೆಯ ಭಾರದಲ್ಲಿ ಒಂದು ಪಾಲನ್ನು ಹೊತ್ತಂತೆಯೇ ಸರಿ.