ಲಕ್ಷ್ಮಿ ಇದ್ದಂಗವ್ಳೆ

ನಮ್ಮ ಶಿರಾ ಕಡೆ ಹೆಣ್ಣು ನೋಡಿ ಬಂದವರು ಮನಸಾರೆ ಮೆಚ್ಚಿದರೆ ಹೇಳುವುದು ಒಂದೇ ಮಾತು: ‘ಹುಡುಗಿ ಲಕ್ಷ್ಮಿ ಇದ್ದಂಗವ್ಳೆ.’ ಲಕ್ಷ್ಮಿಯನ್ನು ಕಂಡವರು ಯಾರು? ಕಿರಾಣಿ ಅಂಗಡಿಯ ಕ್ಯಾಲೆಂಡರಿನಲ್ಲಿ ಎಲ್ಲರೂ ಕಂಡಿದ್ದೇವೆ. ದುಂಡು ಮುಖ, ಬಿಳುಪು ಮೈ, ತಾವರೆಯ ಮೇಲೆ ನಿಲುವು. ಆ ಮುಖ ಮನೆಮನೆಯ ಗೋಡೆ ಹತ್ತಿದ್ದು 1894ರಲ್ಲಿ ರಾಜಾ ರವಿವರ್ಮ ಮುಂಬೈಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದ ಮೇಲೆ.

ಆ ಪಟದೊಳಕ್ಕೇ ಹೋಗಿ ನಿಂತವರು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಬರೋಡಾದಲ್ಲಿ ಕಲಿತದ್ದು ಶಿಲ್ಪಕಲೆ. ಆಮೇಲೆ ತಮ್ಮ ಮೈಯನ್ನೇ ಮಾಧ್ಯಮ ಮಾಡಿಕೊಂಡರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆಗೂಡಿ 2000ರಿಂದ 2004ರವರೆಗೆ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಎಂಬ ಸರಣಿ ಮಾಡಿದರು. ಪರದೆ ಕಟ್ಟಿಸಿ, ಒಡವೆ ಸೀರೆ ಹೊಂದಿಸಿ, ರವಿವರ್ಮನ ಲಕ್ಷ್ಮಿಯಾಗಿ, ಬೆಳದಿಂಗಳ ಹೆಣ್ಣಾಗಿ ನಿಂತರು. ಥೇಟು ಅದೇ ಭಂಗಿ. ಆದರೆ ಪರದೆ ಪರದೆಯೆಂದೇ ಗೊತ್ತಾಗುತ್ತದೆ, ನಿಂತವಳು ನಟಿಸುತ್ತಿದ್ದಾಳೆ ಎಂಬುದೂ.

ಸರಣಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಲಕ್ಷ್ಮಿಯಲ್ಲ, ತೋಡ ಬುಡಕಟ್ಟಿನ ಹೆಣ್ಣು. ಬ್ರಿಟಿಷರು ಬುಡಕಟ್ಟಿನ ಜನರನ್ನು ಚೌಕುಳಿ ಹಿನ್ನೆಲೆಯ ಮುಂದೆ ನಿಲ್ಲಿಸಿ ಮೈಯಳತೆಗಾಗಿ ಫೋಟೊ ತೆಗೆಯುತ್ತಿದ್ದರಲ್ಲ, ಆ ಮಾದರಿಯದು. ದೇವಿಯನ್ನೂ ತೋಡ ಹೆಣ್ಣನ್ನೂ ಅಕ್ಕಪಕ್ಕ ಇಟ್ಟಾಗ ತಿಳಿಯುತ್ತದೆ: ಒಬ್ಬಳನ್ನು ಪೂಜಿಸಿದರು, ಒಬ್ಬಳನ್ನು ಅಳೆದರು, ಇಬ್ಬರಿಗೂ ಹೀಗೇ ನಿಲ್ಲು ಎಂದವರು ಬೇರೆಯವರು.

ಹೆಣ್ಣು ಹೀಗೇ ನಿಲ್ಲಬೇಕು ಎನ್ನುವುದು ಪಟದಲ್ಲಷ್ಟೇ ಅಲ್ಲ. 1996ರ ನವೆಂಬರ್ 23ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆದಾಗ ರಾಜ್ಯವೇ ಕುದಿಯಿತು. ಈಜುಡುಗೆಯ ಸುತ್ತನ್ನು ಸೀಶೆಲ್ಸ್ ದ್ವೀಪಕ್ಕೆ ಸಾಗಿಸಿದರು. ಸ್ತ್ರೀವಾದಿಗಳ ಪ್ರಶ್ನೆ ಬೇರೆ ಇತ್ತು, ಅದಿರಲಿ. ಸಂಸ್ಕೃತಿ ಹಾಳಾಯಿತು ಎಂದು ಕೂಗಿದವರು ಮಾತ್ರ ನಡುಮನೆಯ ಚಾಪೆಯ ಮೇಲೆ ನಡೆಯುವ ಸ್ಪರ್ಧೆಯನ್ನು ಮುಟ್ಟಲಿಲ್ಲ. ‘ಸ್ವಲ್ಪ ನಡ್ದು ತೋರ್ಸಮ್ಮ’, ‘ಕೂದ್ಲು ಸ್ವಂತದ್ದೇನಾ?’ ಇಲ್ಲಿ ಕಿರೀಟವಿಲ್ಲ, ಉಪ್ಪಿಟ್ಟು ಕೇಸರಿಬಾತು ಇರುತ್ತದೆ.

ಗಂಡಿನ ಮನೆಯವರಿಗೆ ಕಳಿಸಲು ನಮ್ಮ ಅಕ್ಕನ ಫೋಟೊ ತೆಗೆಸಿದ್ದು ಶಿರಾದ ಒಂದು ಸ್ಟುಡಿಯೋದಲ್ಲಿ. ಹಿಂದೆ ಬಣ್ಣದ ಪರದೆ, ಅದರಲ್ಲಿ ಕೊಳ, ಹಂಸ. ನಮ್ಮೂರ ಕೆರೆಯಲ್ಲಿ ಆ ವರ್ಷ ನೀರಿರಲಿಲ್ಲ. ‘ಗಲ್ಲ ಇಳ್ಸಮ್ಮ. ಹಲ್ಲು ಕಾಣ್ಬಾರ್ದು. ಹಾಂ, ಹಂಗೇ, ಲಕ್ಷ್ಮಿ ಇದ್ದಂಗೆ.’ ಮುಖಕ್ಕೆ ಎರಡು ಸಲ ಪೌಡರು. ಫೋಟೊ ಮೂರು ಮನೆಗೆ ಹೋಗಿ ಮೂರು ಸಲ ವಾಪಸು ಬಂತು. ಬಣ್ಣ ಕಡಿಮೆ ಅಂತೆ.

ಮನೆಗಳಿಗೆ ಕಳಿಸುವ ಪ್ರತಿಯ ಅಂಚನ್ನು ಸ್ಟುಡಿಯೋದವನು ನೀಟಾಗಿ ಕತ್ತರಿಸಿದ್ದ. ಕತ್ತರಿಸದ ಒಂದು ಪ್ರತಿ ಅಕ್ಕನ ಟ್ರಂಕಿನಲ್ಲಿದೆ. ಅದರಲ್ಲಿ ಹಂಸದ ಆಚೆ ಪರದೆ ಮುಗಿದು ಗೋಡೆ ಶುರುವಾಗುತ್ತದೆ. ಸ್ವಿಚ್ಚು ಬೋರ್ಡು, ಮುರುಕು ಸ್ಟೂಲು, ಮೂಲೆಯಲ್ಲಿ ಅಪ್ಪನ ಚಪ್ಪಲಿ. ಈಗ ಮೊಮ್ಮಕ್ಕಳು ಅಕ್ಕನ ಹಳೇ ಫೋಟೊ ಕೇಳಿದರೆ ಅವಳು ತೆಗೆದು ತೋರಿಸುವುದು ಅದನ್ನೇ.