ಕೆಳದನಿಯ ಯಜಮಾನಿಕೆ

ರಾಕ್ ತಂಡದಲ್ಲಿ ಯಜಮಾನ ಯಾರು ಎಂದು ಕೇಳಿದರೆ ಹೆಚ್ಚಿನವರು ಹಾಡುಗಾರನನ್ನು ತೋರಿಸುತ್ತಾರೆ, ಇಲ್ಲವೇ ಮುಂದೆ ನಿಂತು ಗಿಟಾರ್ ಮೀಟುವವನನ್ನು. ನಾಲ್ಕು ದಪ್ಪ ತಂತಿಗಳ ಬೇಸ್ ಗಿಟಾರ್ ಹಿಡಿದವನು ಡ್ರಮ್ಮಿನ ಪಕ್ಕದಲ್ಲೆಲ್ಲೋ ನಿಂತು ತಾಳಕ್ಕೆ ತಕ್ಕಂತೆ ನುಡಿಸುತ್ತಾ ಇರುವ ಒಬ್ಬ ಸಹಾಯಕ ಎನ್ನುವುದು ಸಾಮಾನ್ಯ ತಿಳಿವಳಿಕೆ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ ಇಂಗ್ಲೆಂಡಿನ ಐರನ್ ಮೇಡನ್ ತಂಡ ಈ ತಿಳಿವಳಿಕೆಗೆ ತೀರ ವಿರುದ್ಧವಾದ ಉದಾಹರಣೆ. ಆ ತಂಡವನ್ನು ಕಟ್ಟಿದವನು, ಅದರ ಬಹುಪಾಲು ಹೆಸರಾಂತ ಹಾಡುಗಳನ್ನು ಬರೆದವನು, ಐವತ್ತು ವರ್ಷಗಳಿಂದ ಅದನ್ನು ನಡೆಸುತ್ತಿರುವವನು ಅದರ ಬೇಸ್ ವಾದಕ ಸ್ಟೀವ್ ಹ್ಯಾರಿಸ್. ಬೇಸ್ ವಾದಕನ ಪಾಂಡಿತ್ಯವನ್ನು ಬೆರಳಿನ ಚುರುಕಿನಿಂದ ಅಳೆದರೆ ಸಾಲದು, ಇಡೀ ಹಾಡು ಅವನ ಸ್ವರಸಾಲಿನಿಂದ ಹುಟ್ಟುತ್ತದೆಯೇ ಎಂಬುದನ್ನು ನೋಡಬೇಕು. ಹ್ಯಾರಿಸ್‌ನ ಬದುಕು ಈ ಮಾತಿಗೆ ಸಿಗುವ ಅತ್ಯಂತ ಗಟ್ಟಿ ಪುರಾವೆ ಎಂಬುದು ನನ್ನ ವಾದ. ಈ ವಾದವನ್ನು ಬೀದರ್, ಭಾಲ್ಕಿ, ಔರಾದ್ ಕಡೆಯ ಓದುಗರ ಮುಂದೆ ಇಡುವುದಕ್ಕೆ ಕಾರಣವಿದೆ. ಕೆಳದನಿಯನ್ನು ಪಳಗಿಸುವ ವಿದ್ಯೆ ಈ ಭಾಗದ ಭಜನೆಯ ಮನೆಗಳಲ್ಲಿ ಬಹಳ ಹಿಂದಿನಿಂದಲೇ ಇದೆ.

ಆಷಾಢ ಏಕಾದಶಿಗೆ ಪಂಢರಪುರದ ದಾರಿ ಹಿಡಿಯುವ ದಿಂಡಿಗಳನ್ನು ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಔರಾದ್, ಭಾಲ್ಕಿ ತಾಲೂಕುಗಳ ಜನ ಚೆನ್ನಾಗಿ ಬಲ್ಲರು. ಆ ದಿಂಡಿಗಳ ಭಜನೆಯಲ್ಲಿ ಪಖವಾಜ್ ಬಾರಿಸುವವನ ಕೈ ಕೆಲಸವನ್ನು ಹತ್ತಿರದಿಂದ ಗಮನಿಸಬೇಕು. ನುಡಿಸುವ ಮುನ್ನ ಗೋಧಿ ಹಿಟ್ಟಿಗೆ ನೀರು ಹಾಕಿ ಕಣಕ ನಾದುತ್ತಾನೆ. ಅದನ್ನು ವಾದ್ಯದ ಎಡಮುಖದ ಚರ್ಮದ ನಡುವೆ ಒತ್ತಿ ಮೆತ್ತುತ್ತಾನೆ. ಒಮ್ಮೆ ಬಡಿದು ಕೇಳುತ್ತಾನೆ, ದನಿ ಇನ್ನೂ ಮೇಲಿದ್ದರೆ ಸ್ವಲ್ಪ ಹೆಚ್ಚು ಮೆತ್ತುತ್ತಾನೆ, ತೀರ ಮಂಕಾದರೆ ಚಿವುಟಿ ತೆಗೆಯುತ್ತಾನೆ. ಹಸಿ ಕಣಕದ ಭಾರದಿಂದ ಚರ್ಮ ನಿಧಾನವಾಗಿ ಕಂಪಿಸುತ್ತದೆ, ಆದ್ದರಿಂದಲೇ ದನಿ ಕೆಳಗಿಳಿಯುತ್ತದೆ. ಕಣಕ ಒಣಗುತ್ತಾ ಬಂದಂತೆ ದನಿಯೂ ಬದಲಾಗುತ್ತದೆ, ಹಾಗಾಗಿ ಕಿವಿ ಸದಾ ಎಚ್ಚರವಾಗಿರಬೇಕು. ಬೀದರ್ ನಗರದ ನಾನಕ್ ಝೀರಾ ಗುರುದ್ವಾರದ ಕೀರ್ತನೆಯಲ್ಲಿ ತಬಲಾದ ಡಗ್ಗಾ ಮಾಡುವ ಕೆಲಸವೂ ಇದೇ ಬಗೆಯದು. ಮುಂಗೈಯ ಒತ್ತಡ ಕೊಂಚ ಹೆಚ್ಚು ಕಡಿಮೆಯಾದರೂ ಆ ದನಿ ಜಾರುತ್ತದೆ, ತುಂಬುತ್ತದೆ. ಹಾಡುವವರ ದನಿಯ ಕೆಳಗೆ ಇಂಥದ್ದೊಂದು ದನಿ ಬೇಕು ಎಂದು ಇಲ್ಲಿಯ ಕಿವಿಗಳಿಗೆ ಹೊಸದಾಗಿ ಕಲಿಸಬೇಕಿಲ್ಲ.

ಸಿನಿಮಾ ಹಾಡಿನಲ್ಲೂ ಇದು ಸಿಗುತ್ತದೆ. 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜ ಕೊಟ್ಟ ‘ಜೊತೆಯಲಿ’ ಹಾಡನ್ನು ಕೇಳದ ಕನ್ನಡಿಗರು ಕಡಿಮೆ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿಯವರ ದನಿಗಳನ್ನು ಒಂದು ಸಲ ಬದಿಗಿಟ್ಟು, ಅವುಗಳ ಕೆಳಗೆ ಓಡುವ ಬೇಸ್ ಗಿಟಾರನ್ನೇ ಹಿಂಬಾಲಿಸಿ ನೋಡಿ. ಅದು ತಾಳ ಕೊಟ್ಟು ಸುಮ್ಮನಾಗುವುದಿಲ್ಲ, ತನ್ನದೇ ಒಂದು ರಾಗದ ಎಳೆಯನ್ನು ಹಿಡಿದು ಹೋಗುತ್ತದೆ. ಅದನ್ನು ತೆಗೆದುಬಿಟ್ಟರೆ ಹಾಡಿನ ನಡಿಗೆಯೇ ಹೋಗುತ್ತದೆ. ಆದರೆ ಆ ಎಳೆಯನ್ನು ಬರೆದವರು ಸಂಗೀತ ನಿರ್ದೇಶಕರು. ಪ್ರತಿ ವಾದ್ಯದ ಸ್ವರವನ್ನೂ ತಾವೇ ಬರೆದುಕೊಡುವುದು ಇಳಯರಾಜರ ಪದ್ಧತಿ. ನುಡಿಸಿದ ವಾದಕರ ಹೆಸರು ಕೇಳುಗರ ತನಕ ಬರಲೇ ಇಲ್ಲ. ಹ್ಯಾರಿಸ್‌ನ ವಿಷಯ ಬೇರೆಯಾಗುವುದು ಇಲ್ಲಿಯೇ: ಅವನಲ್ಲಿ ಬರೆಯುವ ಕೈಯೂ ನುಡಿಸುವ ಕೈಯೂ ಒಂದೇ.

ವಾದ್ಯದ ಬಗ್ಗೆ ಎರಡು ಮಾತು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ‘ಪ್ರಿಸಿಷನ್ ಬೇಸ್’ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದ. ಅದಕ್ಕೂ ಮೊದಲು ಕೆಳದನಿಗೆ ಆಳೆತ್ತರದ ಡಬಲ್ ಬೇಸನ್ನು ನಿಲ್ಲಿಸಿಕೊಂಡು ನುಡಿಸಬೇಕಿತ್ತು. ಹೊಸ ವಾದ್ಯವನ್ನು ಹೆಗಲಿಗೆ ತೂಗುಹಾಕಿಕೊಂಡು ಓಡಾಡಬಹುದಾಯಿತು. ಕತ್ತಿನ ಮೇಲೆ ಲೋಹದ ಅಡ್ಡಪಟ್ಟಿಗಳಿದ್ದುದರಿಂದ ಸ್ವರ ಕರಾರುವಾಕ್ಕಾಗಿ ಬೀಳತೊಡಗಿತು. ನಾಲ್ಕು ತಂತಿಗಳಲ್ಲಿ ಎಲ್ಲಕ್ಕಿಂತ ದಪ್ಪನೆಯದು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಅಷ್ಟು ನಿಧಾನದ ಕಂಪನದ ಒಂದೊಂದು ಅಲೆ ಗಾಳಿಯಲ್ಲಿ ಎಂಟು ಮೀಟರಿಗೂ ಉದ್ದವಿರುತ್ತದೆ. ಮೊಬೈಲಿನ ಪುಟ್ಟ ಸ್ಪೀಕರ್ ಇದನ್ನು ಹೊರಡಿಸಲಾರದು. ಅದರಿಂದ ಬರುವ ಮೇಲಿನ ಸಹಸ್ವರಗಳನ್ನು ಹಿಡಿದು ನಮ್ಮ ಮಿದುಳೇ ಕೆಳಗಿನ ದನಿಯನ್ನು ಊಹಿಸಿಕೊಳ್ಳುತ್ತದೆ. ಮೊಬೈಲಿನಲ್ಲಷ್ಟೇ ಕೇಳಿ ಬೇಸ್ ವಾದಕರನ್ನು ಅಳೆಯುವುದು ಅವರಿಗೆ ಮಾಡುವ ಅನ್ಯಾಯ.

ಹ್ಯಾರಿಸ್ ಹುಟ್ಟಿದ್ದು 1956ರ ಮಾರ್ಚ್ 12ರಂದು, ಪೂರ್ವ ಲಂಡನ್ನಿನ ಲೇಟನ್‌ಸ್ಟೋನ್‌ನಲ್ಲಿ. ಹುಡುಗನಾಗಿದ್ದಾಗ ಫುಟ್‌ಬಾಲ್ ಹುಚ್ಚು. ವೆಸ್ಟ್ ಹ್ಯಾಮ್ ಕ್ಲಬ್ಬಿನಲ್ಲಿ ತರಬೇತಿಯನ್ನೂ ಪಡೆದಿದ್ದ. ಸಂಗೀತದ ಕಡೆ ತಿರುಗಿದಾಗ ಮೊದಲು ಮನಸ್ಸಾದದ್ದು ಡ್ರಮ್ ಮೇಲೆ. ಮನೆಯಲ್ಲಿ ಅದನ್ನಿಡಲು ಜಾಗವಿರಲಿಲ್ಲ, ಸದ್ದಿನ ಸಮಸ್ಯೆ ಬೇರೆ. ಹಾಗಾಗಿ ಡ್ರಮ್ಮಿಗೆ ಜೊತೆಯಾಗುವ ಬೇಸ್ ಗಿಟಾರನ್ನು ಹಿಡಿದ. ಮೊದಲ ವಾದ್ಯ ಫೆಂಡರ್‌ನ ಒಂದು ಅಗ್ಗದ ನಕಲು. ಗುರುವಿಲ್ಲದೆ, ಕೇಳಿ ಕೇಳಿಯೇ ಕಲಿತ. ಹೊಟ್ಟೆಪಾಡಿಗೆ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಕೆಲಸ ಮಾಡುತ್ತಾ ಸ್ಮೈಲರ್ ಎಂಬ ತಂಡದಲ್ಲಿ ನುಡಿಸುತ್ತಿದ್ದಾಗ ಅವನು ಬರೆದ ಹಾಡುಗಳು ಆ ತಂಡಕ್ಕೆ ರುಚಿಸಲಿಲ್ಲ. ನಡುನಡುವೆ ಲಯ ಬದಲಾಗುವ ಅವು ತೊಡಕೆನಿಸಿದವು. ಬೇರೆಯವನಾಗಿದ್ದರೆ ಹಾಡು ತಿದ್ದುತ್ತಿದ್ದನೇನೋ, ಹ್ಯಾರಿಸ್ ತಂಡವನ್ನೇ ಬಿಟ್ಟ. 1975ರ ಕ್ರಿಸ್‌ಮಸ್ ದಿನ ಐರನ್ ಮೇಡನ್ ಹುಟ್ಟಿತು. ಆಗ ಅವನಿಗೆ ಹತ್ತೊಂಬತ್ತು. ಮೊದಲ ಆಲ್ಬಮ್ ಬರಲು 1980ರ ಏಪ್ರಿಲ್ ತನಕ ಕಾಯಬೇಕಾಯಿತು. ಆ ನಡುವೆ ಹಾಡುಗಾರರು, ಗಿಟಾರ್‌ನವರು, ಡ್ರಮ್ಮಿನವರು ಬಂದರು, ಹೋದರು. 1976ರಲ್ಲಿ ಸೇರಿದ ಗಿಟಾರ್ ವಾದಕ ಡೇವ್ ಮರ್ರಿ ಮತ್ತು ಹ್ಯಾರಿಸ್, ಇವರಿಬ್ಬರು ಮಾತ್ರ ತಂಡದ ಎಲ್ಲ ಆಲ್ಬಮ್‌ಗಳಲ್ಲೂ ಇದ್ದಾರೆ.

ಅವನ ಕೈಚಳಕದ ಗುರುತು ಕುದುರೆಯ ನಾಗಾಲೋಟದ ಲಯ. ಒಂದು ದೀರ್ಘ, ಎರಡು ಹ್ರಸ್ವ, ಮತ್ತೆ ಒಂದು ದೀರ್ಘ, ಎರಡು ಹ್ರಸ್ವ, ಹೀಗೆ ಎಲ್ಲೂ ಕಡಿಯದೆ ಸಾಗುತ್ತದೆ. 1983ರ ‘ದಿ ಟ್ರೂಪರ್’ ಹಾಡಿನಲ್ಲಿ ನಿಮಿಷಕ್ಕೆ ಸುಮಾರು 160 ಎಣಿಕೆಯ ವೇಗ, ಒಂದೊಂದು ಎಣಿಕೆಗೆ ಮೂರು ಮೀಟು. ಸೆಕೆಂಡಿಗೆ ಎಂಟರ ಆಸುಪಾಸು ಆಯಿತು. ಹೆಚ್ಚಿನವರು ಇಷ್ಟು ವೇಗಕ್ಕೆ ಪ್ಲಾಸ್ಟಿಕ್ ಪಿಕ್ ಹಿಡಿಯುತ್ತಾರೆ. ಹ್ಯಾರಿಸ್ ಪಿಕ್ ಮುಟ್ಟುವುದಿಲ್ಲ. ಮುಖ್ಯವಾಗಿ ತೋರುಬೆರಳು, ನಡುಬೆರಳುಗಳಿಂದಲೇ, ಮೈ ನುಣುಪಾದ ಚಪ್ಪಟೆ ಸುತ್ತಿನ ಉಕ್ಕಿನ ತಂತಿಗಳನ್ನು ಬಲವಾಗಿ ಹೊಡೆಯುತ್ತಾನೆ. ತಂತಿ ಅಡ್ಡಪಟ್ಟಿಗೆ ಬಡಿದು ಹುಟ್ಟುವ ಕಟಕಟ ಸದ್ದು ಆ ದನಿಗೆ ಸೇರಿಕೊಳ್ಳುತ್ತದೆ, ಅದರಿಂದಲೇ ಎರಡು ಮೂರು ಗಿಟಾರ್‌ಗಳ ನಡುವೆಯೂ ಅವನ ಬೇಸ್ ಮುಚ್ಚಿಹೋಗುವುದಿಲ್ಲ. ಇದನ್ನು ಬರೀ ಕೈಚಳಕ ಎಂದುಕೊಳ್ಳುವ ಹಾಗಿಲ್ಲ. ಆ ಹಾಡು 1854ರ ಬಾಲಾಕ್ಲಾವಾ ಕದನದಲ್ಲಿ ಫಿರಂಗಿಗಳಿಗೆ ಎದುರಾಗಿ ನುಗ್ಗಿದ ಬ್ರಿಟಿಷ್ ಅಶ್ವದಳದ ಸೈನಿಕನೊಬ್ಬನದು. ಲಯವೇ ಕಥೆ ಹೇಳುತ್ತದೆ, ಸಾಹಿತ್ಯ ಅರ್ಥವಾಗದವರಿಗೂ ಕುದುರೆ ಓಡುವುದು ತಿಳಿಯುತ್ತದೆ. ಕುದುರೆಯೇರಿದ ಮೈಲಾರ ಮಲ್ಲಣ್ಣನನ್ನು ಕೊಂಡಾಡುವ ಭಾಲ್ಕಿ ಸೀಮೆಯವರು ಈ ಲಯಕ್ಕೆ ಮೊದಲ ಕೇಳಿಕೆಯಲ್ಲೇ ತಲೆದೂಗಿದರೆ ಆಶ್ಚರ್ಯವಿಲ್ಲ.

ಲಯಕ್ಕಿಂತಲೂ ಮುಖ್ಯ ಅವನ ರಚನೆ. ಗಿಟಾರಿನಿಂದ ಆರಂಭಿಸಿ ಕೊನೆಗೆ ಬೇಸ್ ಕೂರಿಸುವುದು ರಾಕ್‌ನ ಸಾಮಾನ್ಯ ಕ್ರಮ. ಹ್ಯಾರಿಸ್ ಬೇಸ್ ಹಿಡಿದೇ ಹಾಡು ಹೆಣೆಯುವವನು. ಮೊದಲ ಆಲ್ಬಮ್ಮಿನ ‘ಫ್ಯಾಂಟಮ್ ಆಫ್ ದಿ ಆಪೆರಾ’ ಏಳು ನಿಮಿಷದ ಹಾಡು. ಅದರಲ್ಲಿ ಬೇಸ್ ಮತ್ತು ಗಿಟಾರ್‌ಗಳು ಒಂದೇ ಕಠಿಣ ಸ್ವರಮಾಲೆಯನ್ನು ಒಟ್ಟಿಗೆ ನುಡಿಸುತ್ತವೆ, ಬೇರೆಯಾಗುತ್ತವೆ, ಮತ್ತೆ ಕೂಡುತ್ತವೆ. ಲಯ ಹಲವು ಸಲ ಬದಲಾಗುತ್ತದೆ. ಸ್ಮೈಲರ್ ತಂಡ ಬೇಡವೆಂದ ಗುಣವೇ ಇಲ್ಲಿ ಹಾಡಿನ ಜೀವ. 1984ರಲ್ಲಿ ಅವನು ಕೋಲ್‌ರಿಜ್ ಕವಿ 1798ರಲ್ಲಿ ಪ್ರಕಟಿಸಿದ ಮುದಿ ನಾವಿಕನ ಕಥನಕವನವನ್ನು ಹದಿಮೂರು ನಿಮಿಷಕ್ಕೂ ಮೀರಿದ ಹಾಡಾಗಿಸಿದ. ಗಾಳಿ ಬಿದ್ದುಹೋಗಿ ಹಡಗು ನಡುಗಡಲಲ್ಲಿ ನಿಂತುಬಿಡುವ ಭಾಗ ಬಂದಾಗ ಅಬ್ಬರವೆಲ್ಲ ಅಡಗುತ್ತದೆ. ಹಡಗಿನ ಮರ ಕಿರುಗುಟ್ಟುವ ಸದ್ದು, ಓದುವ ಒಂದು ದನಿ, ಕೆಳಗೆ ನಿಧಾನವಾಗಿ ನುಡಿಯುವ ಬೇಸ್, ಇಷ್ಟೇ. ವೇಗಕ್ಕೆ ಹೆಸರಾದವನು ಎಲ್ಲಿ ವೇಗ ಬಿಡಬೇಕೆಂದು ಬಲ್ಲನು. ನನ್ನ ಮಟ್ಟಿಗೆ ಅವನ ಪಾಂಡಿತ್ಯ ಅತ್ಯಂತ ಎತ್ತರಕ್ಕೇರುವುದು ಆ ಕೆಲವು ನಿಮಿಷಗಳಲ್ಲಿ.

ಇದಕ್ಕೆ ಬರುವ ಮೊದಲ ಆಕ್ಷೇಪ, ತಂಡವನ್ನು ಗೆಲ್ಲಿಸಿದ್ದು ಹಾಡುಗಾರ ಬ್ರೂಸ್ ಡಿಕಿನ್ಸನ್‌ನ ಕಂಠ ಎನ್ನುವುದು. ಇದರಲ್ಲಿ ಹುರುಳಿದೆ. 1993ರಲ್ಲಿ ಡಿಕಿನ್ಸನ್ ಬಿಟ್ಟುಹೋದ ಮೇಲೆ ಬ್ಲೇಜ್ ಬೇಲಿ ಹಾಡಿದ ಎರಡು ಆಲ್ಬಮ್‌ಗಳ ಕಾಲದಲ್ಲಿ ತಂಡದ ಕಳೆ ಕುಂದಿತು. ಆ ಆಲ್ಬಮ್‌ಗಳ ಧ್ವನಿಮುದ್ರಣವೂ ಚೆನ್ನಾಗಿರಲಿಲ್ಲ, ಅದರ ಹೊಣೆಯಲ್ಲಿ ಹ್ಯಾರಿಸ್‌ಗೂ ಪಾಲಿತ್ತು. 1999ರಲ್ಲಿ ಡಿಕಿನ್ಸನ್, ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ಮರಳಿದ ಮೇಲೆಯೇ ತಂಡ ಚೇತರಿಸಿಕೊಂಡಿತು. ಬೇಸ್ ಒಂದೇ ತಂಡವನ್ನು ಹೊರಲಾರದು ಎಂಬುದನ್ನು ಒಪ್ಪಲೇಬೇಕು. ಆದರೆ ಅದೇ ಕಾಲ ಇನ್ನೊಂದು ಸಾಕ್ಷ್ಯವನ್ನೂ ಕೊಡುತ್ತದೆ. ಆ ಸೊರಗಿದ ವರ್ಷಗಳಲ್ಲಿ ಹ್ಯಾರಿಸ್ ಬರೆದ ‘ಸೈನ್ ಆಫ್ ದಿ ಕ್ರಾಸ್’, ‘ದಿ ಕ್ಲಾನ್ಸ್‌ಮನ್’ ಹಾಡುಗಳನ್ನು ಮರಳಿ ಬಂದ ಡಿಕಿನ್ಸನ್ ವೇದಿಕೆಯಲ್ಲಿ ಹಾಡಿದ, ಸಾವಿರಾರು ಜನ ದನಿಗೂಡಿಸಿದರು. ಮೊದಲ ಆಲ್ಬಮ್ಮಿನ ಹಾಡುಗಾರ ಪಾಲ್ ಡಿಯಾನೊ ಕಾಲದ ‘ಫ್ಯಾಂಟಮ್’ ಕೂಡ ಹೀಗೆಯೇ ಕಂಠ ಬದಲಾದರೂ ಉಳಿಯಿತು. ಹಾಡುಗಾರ ಬದಲಾದಾಗ ಹಾಡು ಸಾಯದಿದ್ದರೆ ಅದರ ಬೇರು ಬೇರೆಲ್ಲೋ ಇದೆ ಎಂದೇ ಅರ್ಥ.

ಇನ್ನು ಕೆಲವರು ಹೇಳುವುದು, ಬೇಸ್ ವಾದನದಲ್ಲಿ ಅವನಿಗಿಂತ ದೊಡ್ಡವರಿದ್ದಾರೆ ಎಂದು. ಇದ್ದಾರೆ, ನಿಜ. ‘ದಿ ಹೂ’ ತಂಡದ ಜಾನ್ ಎಂಟ್‌ವಿಸಲ್ 1965ರಲ್ಲೇ ‘ಮೈ ಜನರೇಷನ್’ ಹಾಡಿನಲ್ಲಿ ಗಿಟಾರಿನ ಬದಲು ಬೇಸ್‌ಗೆ ಏಕವ್ಯಕ್ತಿ ವಾದನದ ಜಾಗ ಗಿಟ್ಟಿಸಿದ. ಜಾಕೊ ಪಾಸ್ಟೋರಿಯಸ್ ಅಡ್ಡಪಟ್ಟಿಗಳಿಲ್ಲದ ಬೇಸ್‌ನಲ್ಲಿ ಮನುಷ್ಯ ಕಂಠದಂತೆ ಸ್ವರ ಜಾರಿಸಿದ. ಆ ಸೂಕ್ಷ್ಮ ಹ್ಯಾರಿಸ್‌ನಲ್ಲಿ ಇಲ್ಲ. ಮೆಟಾಲಿಕಾ ತಂಡದ ಕ್ಲಿಫ್ ಬರ್ಟನ್ 1986ರಲ್ಲಿ ಸ್ವೀಡನ್ನಿನಲ್ಲಿ ಬಸ್ ಅಪಘಾತದಲ್ಲಿ ಸತ್ತಾಗ ಅವನಿಗೆ ಬರೀ ಇಪ್ಪತ್ನಾಲ್ಕು ವರ್ಷ, ಅಷ್ಟರಲ್ಲೇ ಬೇಸ್‌ಗೆ ಹೊಸ ದಾರಿ ತೋರಿಸಿದ್ದ. ಒಬ್ಬೊಬ್ಬರ ಬೆರಳನ್ನೇ ತೂಗಿದರೆ ಹ್ಯಾರಿಸ್ ಮೊದಲ ಸ್ಥಾನದಲ್ಲಿ ನಿಲ್ಲಲಾರ. ಆದರೆ ಪಖವಾಜಿನವನನ್ನು ನಾವು ಹಾಗೆ ತೂಗುವುದಿಲ್ಲವಲ್ಲ. ಭಜನೆ ಏರಿತೇ, ಹಾಡುವವರು ಅವನನ್ನು ನಂಬಿ ದನಿ ಬಿಟ್ಟರೇ ಎಂದು ನೋಡುತ್ತೇವೆ. ಆ ಅಳತೆಯಲ್ಲಿ, ತನ್ನ ವಾದ್ಯದಿಂದಲೇ ಇಡೀ ತಂಡದ ಸಂಗೀತವನ್ನು ಹುಟ್ಟಿಸಿ ಅರ್ಧ ಶತಮಾನ ಉಳಿಸಿದವರು ರಾಕ್‌ನಲ್ಲಿ ಬಹಳ ಜನ ಸಿಗುವುದಿಲ್ಲ.

ಗಂಭೀರವಾಗಿ ಉತ್ತರಿಸಬೇಕಾದ ಆಕ್ಷೇಪ ನಮ್ಮ ಬೀದಿಗಳದು. ಬೀದರಿನಲ್ಲಾಗಲಿ ಭಾಲ್ಕಿಯಲ್ಲಾಗಲಿ ಬೇಸ್ ಎಂದೊಡನೆ ಜನರಿಗೆ ನೆನಪಾಗುವುದು ಮೆರವಣಿಗೆಯ ಡಿಜೆ ಪೆಟ್ಟಿಗೆಗಳು. ಎದೆ ನಡುಗುತ್ತದೆ, ಕಿಟಕಿ ಗಾಜು ಅದುರುತ್ತದೆ, ಮುದುಕರು, ಹಸುಗೂಸುಗಳು, ಹೃದ್ರೋಗಿಗಳು ಒದ್ದಾಡುತ್ತಾರೆ. ಇಂಥ ಸದ್ದನ್ನು ಹೊಗಳಬೇಕೇ ಎಂದು ಕೇಳಿದರೆ ಆ ಸಿಟ್ಟು ನ್ಯಾಯವಾದದ್ದೇ. ಕೆಳದನಿ ಗೋಡೆಗಳನ್ನು ದಾಟಿ ದೂರ ಹೋಗುತ್ತದೆ. ಪಕ್ಕದ ಓಣಿಯ ಡಿಜೆಯಿಂದ ಹಾಡು ಕೇಳಿಸದೆ ಬರೀ ಧಡ್ ಧಡ್ ಮಾತ್ರ ಬರುವುದು ಅದಕ್ಕೇ. ಆದರೆ ಆ ಪೆಟ್ಟಿಗೆಗಳಲ್ಲಿ ಬೇಸ್ ಹೆಚ್ಚಾಗಿರುತ್ತದೆಯೇ ಹೊರತು ಬೇಸ್ ವಾದನ ಇರುವುದಿಲ್ಲ. ಒಂದೇ ಪೆಟ್ಟನ್ನು ಯಂತ್ರ ಹಿಗ್ಗಿಸಿ ಹಿಗ್ಗಿಸಿ ಬಡಿಯುತ್ತದೆ, ಅದಕ್ಕೆ ಏರಿಳಿತವಿಲ್ಲ, ಎಲ್ಲಿ ತಗ್ಗಬೇಕೆಂಬ ವಿವೇಕವಿಲ್ಲ. ಹ್ಯಾರಿಸ್‌ನ ಕಛೇರಿಯಲ್ಲೂ ಅಬ್ಬರವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದೇ ಸಂಗೀತವನ್ನು ಮೆಲುದನಿಯಲ್ಲಿ ಇಯರ್‌ಫೋನ್ ಹಾಕಿ ಕೇಳಿದರೂ ಬೇಸ್‌ನ ಎಳೆ ಪೂರ್ತಿ ಉಳಿಯುತ್ತದೆ. ಡಿಜೆಯ ಬಡಿತವನ್ನು ಹಾಗೆ ತಗ್ಗಿಸಿದರೆ ಕೇಳುವುದಕ್ಕೆ ಏನೂ ಉಳಿಯುವುದಿಲ್ಲ.

ಐರನ್ ಮೇಡನ್ 2009ರ ಫೆಬ್ರವರಿ 15ರಂದು ಮತ್ತೊಮ್ಮೆ ಅರಮನೆ ಮೈದಾನಕ್ಕೆ ಬಂದಿತ್ತು. 2024ರ ಕೊನೆಯಲ್ಲಿ, ನಾಲ್ಕು ದಶಕ ಜೊತೆಗಿದ್ದ ಡ್ರಮ್ ವಾದಕ ನಿಕೊ ಮೆಕ್‌ಬ್ರೇನ್ ಪ್ರವಾಸಗಳಿಂದ ನಿವೃತ್ತನಾದ. ಬೇಸ್ ವಾದಕನಿಗೆ ಇದು ಬಲಗೈ ಹೋದಷ್ಟೇ ದೊಡ್ಡ ನಷ್ಟ, ಏಕೆಂದರೆ ಅವನ ಒಂದೊಂದು ಮೀಟೂ ಡ್ರಮ್ಮಿನ ಪೆಟ್ಟಿನೊಂದಿಗೆ ಕೂಡಿಕೊಂಡೇ ಬೀಳಬೇಕು. ಹ್ಯಾರಿಸ್ ಆ ಜಾಗಕ್ಕೆ ಹೊರಗಿನ ದೊಡ್ಡ ಹೆಸರನ್ನು ಹುಡುಕಲಿಲ್ಲ. ‘ಬ್ರಿಟಿಷ್ ಲಯನ್’ ಎಂಬ ತನ್ನದೇ ಇನ್ನೊಂದು ಸಣ್ಣ ತಂಡದಲ್ಲಿ ತನ್ನೊಂದಿಗೆ ನುಡಿಸಿ ಪಳಗಿದ್ದ ಸೈಮನ್ ಡಾಸನ್‌ನನ್ನು ಕರೆತಂದ. 2025ರಲ್ಲಿ, ಅರವತ್ತೊಂಬತ್ತರ ವಯಸ್ಸಿನಲ್ಲಿ, ಅವನೊಂದಿಗೆ ತಂಡದ ಐವತ್ತನೇ ವರ್ಷದ ಪ್ರವಾಸಕ್ಕೆ ಹೊರಟ.